ರೋಲರ್ ಬದಲಿಸುವ ಮೊದಲು ಚಕ್ರ ತಿರುಗಿಸಿ ನೋಡಿ

ಉಡುಪಿಯಲ್ಲಿ ಸ್ಕೂಟರ್ ರಿಪೇರಿ ಮಾಡುವವರಿಗೆಲ್ಲ ಪರಿಚಿತವಾದ ದೂರು ಒಂದಿದೆ: "ಮಣಿಪಾಲದ ಏರಿನಲ್ಲಿ ಗಾಡಿ ಎಳೆಯುವುದಿಲ್ಲ." ಇಂದ್ರಾಳಿ ದಾಟಿ ರಸ್ತೆ ಮೇಲಕ್ಕೆ ಹೊರಟಿತೆಂದರೆ ಸಣ್ಣ ಎಂಜಿನ್ನಿನ ಆರೋಗ್ಯ ಎಷ್ಟೆಂದು ತಿಳಿದುಬಿಡುತ್ತದೆ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಇದೇ ದೂರು ಹೊತ್ತು ಒಬ್ಬರು ನನ್ನ ಗ್ಯಾರೇಜಿಗೆ ಬಂದರು. ಮಲ್ಪೆ ಬಂದರಿನಿಂದ ಮೀನು ತಂದು ಮಣಿಪಾಲ, ಪರ್ಕಳದ ಮನೆಗಳಿಗೆ ಮಾರುವವರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ 110 ಸಿಸಿಯ ಹಳೆಯ ಸ್ಕೂಟರ್, ಹಿಂದೆ ಮೀನು ಮತ್ತು ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ಮಳೆಗಾಲದ ಮೊದಲು ಹತ್ತುತ್ತಿದ್ದ ಏರನ್ನು ಈಗ ಹತ್ತುವುದಿಲ್ಲ ಎಂದರು.

ಆ ದಿನಗಳಲ್ಲಿ ನನಗೆ ಟ್ಯೂನಿಂಗ್ ಮೇಲೆ ವಿಪರೀತ ಮೋಹ. ಎಡಬದಿಯ ಕವರ್ ಬಿಚ್ಚಿ, ವೇರಿಯೇಟರ್ (ವೇಗಕ್ಕೆ ತಕ್ಕಂತೆ ತಾನೇ ಗೇರ್ ಬದಲಿಸುವ ಮುಂದಿನ ಪುಲ್ಲಿ) ಒಳಗಿನ ಸಣ್ಣ ತೂಕದ ಉರುಳೆಗಳಾದ ಆರೂ ರೋಲರ್‌ಗಳನ್ನು ತೆಗೆದು, ಒಂದೊಂದು ಗ್ರಾಂ ಹಗುರವಾದವನ್ನು ಹಾಕಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತಾದ ಮೇನ್ ಜೆಟ್ಟನ್ನೂ ಒಂದು ಅಳತೆ ದೊಡ್ಡದು ಮಾಡಿದೆ. ಗಾಡಿ ಗರ್ಜಿಸುತ್ತ ಏರು ಹತ್ತಿತು. ಅವರೂ ಸಂತೋಷಪಟ್ಟರು, ನಾನೂ.

ಹತ್ತು ದಿನ ಕಳೆದು ಮತ್ತೆ ಬಂದರು. "ಪೆಟ್ರೋಲ್ ನೀರಿನಂತೆ ಖರ್ಚಾಗುತ್ತಿದೆ ಮಾರಾಯ. ಮನೆಗೆ ಹೋಗಿ ಗಾಡಿ ತೊಳೆಯಲು ನೀರು ಹಾಕಿದರೆ ಹಿಂದಿನ ಚಕ್ರ ಚುಂಯ್ ಎನ್ನುತ್ತದೆ."

ಬ್ರೇಕ್ ಬಿಡದೆ ಉಜ್ಜಿ ಚಕ್ರ ಕಾದಿದೆ ಎಂದರ್ಥ. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದೆ. ಒಂದು ಸುತ್ತೂ ಪೂರ್ತಿ ತಿರುಗಲಿಲ್ಲ. ಬ್ರೇಕ್ ಡ್ರಮ್ ಬಿಚ್ಚಿದಾಗ, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬ್ರೇಕ್ ಒಮ್ಮೆ ಹಿಡಿದರೆ ಪೂರ್ತಿ ಬಿಡುತ್ತಿರಲಿಲ್ಲ. ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಷ್ಟೂ ದಿನ ಗಾಡಿ ಮಳೆಯ ತೇವದಲ್ಲಿ ನಿಂತೇ ಇತ್ತು. ಉಪ್ಪು ತನ್ನ ಕೆಲಸ ಮಾಡಿಕೊಂಡಿತ್ತು.

ಅಂದರೆ ಎಂಜಿನ್ನಿನ ಶಕ್ತಿ ಕಡಿಮೆಯಾಗಿರಲಿಲ್ಲ, ಅದನ್ನು ಬ್ರೇಕ್ ತಿನ್ನುತ್ತಿತ್ತು. ನಾನು ಮಾಡಿದ್ದು ಬ್ರೇಕಿನ ವಿರುದ್ಧ ಹೋರಾಡಲು ಎಂಜಿನ್ನನ್ನು ಇನ್ನಷ್ಟು ದುಡಿಸಿದ್ದು. ಆ ಡ್ರಮ್ ಇಳಿಜಾರಿನಲ್ಲಿ ಕಾದು ಬ್ರೇಕ್ ಹಿಡಿಯದೇ ಹೋಗಿದ್ದರೆ? ಅದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಸಂಕಟವಾಗುತ್ತದೆ. ರೋಲರ್ ಮತ್ತು ಜೆಟ್ಟಿನ ಹಣವನ್ನು ಅವರಿಗೆ ಹಿಂದಿರುಗಿಸಿದೆ.

ಹಗುರ ರೋಲರ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಂಜಿನ್ ವೇಗ ಹೆಚ್ಚಿದಂತೆ ರೋಲರ್‌ಗಳು ಹೊರಕ್ಕೆ ಸರಿದು ಮುಂದಿನ ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ. ಬೆಲ್ಟ್ ಮೇಲೇರುತ್ತದೆ, ಗೇರ್ ಬದಲಾದ ಹಾಗೆ. ರೋಲರ್ ಹಗುರವಾದರೆ ಹೀಗೆ ಸರಿಯಲು ಎಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಹಾಗಾಗಿ ಏರಿನಲ್ಲಿ ಗಾಡಿ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ, ಎಳೆತ ಸಿಗುತ್ತದೆ. ಆದರೆ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ, ಮೈಲೇಜ್ ಇಳಿಯುತ್ತದೆ. ದಿನವೂ ಭಾರ ಹೊತ್ತು ಏರು ಹತ್ತುವವರಿಗೆ ಅದು ಒಪ್ಪುವ ಲೆಕ್ಕವೇ ಇರಬಹುದು. ಆರೋಗ್ಯವಾಗಿರುವ ಗಾಡಿಗೆ ಮಾತ್ರ.

ಆರೋಗ್ಯ ತಿಳಿಯಲು ನಾನು ಈಗ ತುಂಬ ನಂಬುವ ಉಪಕರಣ ಒಂದು ಮಾರ್ಕರ್ ಪೆನ್. ಮುಂದಿನ ಪುಲ್ಲಿಯ ತಟ್ಟೆಯ ಮೇಲೆ, ಬೆಲ್ಟ್ ಉಜ್ಜುವ ಕಡೆ, ನಡುವಿನಿಂದ ಅಂಚಿನವರೆಗೆ ಗೆರೆ ಎಳೆದು, ಜೋಡಿಸಿ, ಸಮತಟ್ಟಾದ ರಸ್ತೆಯಲ್ಲಿ ಪೂರ್ಣ ಆಕ್ಸಿಲರೇಟರ್ ಕೊಟ್ಟು ಓಡಿಸಿ ಬರುತ್ತೇನೆ. ಮತ್ತೆ ಬಿಚ್ಚಿದರೆ ಬೆಲ್ಟ್ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಅಂಚಿನಿಂದ ಬಹಳ ಒಳಗಿನವರೆಗೂ ಗೆರೆ ಅಳಿಯದೆ ಉಳಿದಿದ್ದರೆ ಬೆಲ್ಟ್ ಸವೆದು ಅಗಲ ಕಡಿಮೆಯಾಗಿರಬಹುದು, ಇಲ್ಲವೇ ರೋಲರ್ ಒಂದು ಬದಿ ಚಪ್ಪಟೆಯಾಗಿರಬಹುದು. ಹೊಸ ಬೆಲ್ಟ್ ಹಾಕಿದ ಕೂಡಲೇ ಹಳೆಯ ಓಟ ಮರಳಿ ಬಂದ ಗಾಡಿಗಳನ್ನು ಎಷ್ಟೋ ಕಂಡಿದ್ದೇನೆ.

ಟಯರಿನ ಗಾಳಿ, ಏರ್ ಫಿಲ್ಟರ್, ಪ್ಲಗ್, ವಾಲ್ವ್ ಕ್ಲಿಯರೆನ್ಸ್ ನೋಡುವುದು ಎಲ್ಲರೂ ಬಲ್ಲ ಕೆಲಸ. ಕಾಲೇಜು ಹುಡುಗರು ಫಿಲ್ಟರನ್ನೇ ತೆಗೆದುಹಾಕಿ ಎಂದು ಕೇಳಿದರೆ ಮಾತ್ರ ನಾನು ಒಪ್ಪುವುದಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಕಾಯುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ. ದೂಳು ನೇರವಾಗಿ ಒಳಗೆ ಹೋಗಿ ಪಿಸ್ಟನ್, ಸಿಲಿಂಡರ್ ಎರಡನ್ನೂ ಸವೆಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಬಂದ, ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳಲ್ಲಿ ಜೆಟ್ ಬದಲಿಸುವ ಪ್ರಶ್ನೆಯೂ ಇಲ್ಲ.

ಮೀನಿನವರ ಸ್ಕೂಟರಿಗೆ ಕೊನೆಗೆ ಮಾಡಿದ್ದಿಷ್ಟು: ಕ್ಯಾಮ್ ಬಿಡಿಸಿ, ತುಕ್ಕು ತೆಗೆದು, ತೆಳುವಾಗಿ ಗ್ರೀಸ್ ಹಚ್ಚಿ, ಹೊಸ ಶೂ ಹಾಕಿದೆ. ಕಂಪನಿಯ ತೂಕದ್ದೇ ರೋಲರ್, ಕಂಪನಿಯ ಅಳತೆಯದೇ ಜೆಟ್. ಮರುದಿನ ತುಂಬಿದ ಪೆಟ್ಟಿಗೆಯೊಂದಿಗೆ ಅವರು ಮಣಿಪಾಲದ ಏರು ಹತ್ತಿದರು, ಸ್ಕೂಟರಿನಲ್ಲಿ ನಾನು ಹಿಂದೆಯೇ ಹೋಗಿ ನೋಡಿದೆ. ಪೆಟ್ಟಿಗೆಯ ಅಡಿಗೆ ಒಂದು ತಟ್ಟೆ, ಅದರಿಂದ ನೀರು ಚಕ್ರದಾಚೆ ಬೀಳುವಂತೆ ಒಂದು ಪೈಪ್ ಕಟ್ಟಿಕೊಟ್ಟಿದ್ದೇನೆ. ಈಗ ಪ್ರತಿವರ್ಷ ಜುಲೈ ಕೊನೆಯ ವಾರದಲ್ಲಿ, ದೋಣಿಗಳು ಕಡಲಿಗಿಳಿಯುವ ಮೊದಲು, ಹಿಂದಿನ ಬ್ರೇಕ್ ಬಿಚ್ಚಿಸಲು ಅವರು ತಪ್ಪದೆ ಬರುತ್ತಾರೆ.