ಈ ಸೆಖೆಗೆ ಜಾಕೆಟ್ಟಾ ಮಾರಾಯ್ರೆ?

ಏಪ್ರಿಲ್ ಶುರುವಾದ ಮೇಲೆ ಹೆದ್ದಾರಿ ಬದಿಯಲ್ಲಿ ಎಲ್ಲಿ ಬೈಕ್ ನಿಲ್ಲಿಸಿದರೂ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಾಳಜಿಯಿಂದ ಕೇಳುವುದು, ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ. ಮುಲ್ಕಿ ಹತ್ತಿರ ನಾನು ಬೊಂಡ (ಎಳನೀರು) ಕುಡಿಯಲು ನಿಲ್ಲುವ ಕಡೆ ಅಂಗಡಿಯವರು, "ಅದನ್ನೊಮ್ಮೆ ತೆಗೀರಿ ಮಾರಾಯ್ರೆ, ನೋಡುವಾಗ ನಮಗೇ ಸೆಖೆ ಆಗ್ತದೆ" ಎನ್ನುತ್ತಾರೆ. ಬೊಂಡ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಮೆಡಿಕಲ್ ರೆಪ್ ಕೆಲಸ. ಮಂಗಳೂರು, ಸುರತ್ಕಲ್, ಕಾಪು, ಉಡುಪಿ, ಮಣಿಪಾಲ, ವಾರಕ್ಕೊಮ್ಮೆ ಕುಂದಾಪುರ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ದಿನ ಕಳೆಯುತ್ತದೆ. ಬೈಕಿನ ಮೇಲೆ ರೈಡಿಂಗ್ ಜಾಕೆಟ್ ಹಾಕಿ ಮೈ ಕಾಪಾಡಿಕೊಳ್ಳಬೇಕು, ಇಳಿದ ಮೇಲೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಡಾಕ್ಟರ ಎದುರು ಕೂತು ಮಾತಾಡಬೇಕು. ಈ ಎರಡೂ ಒಟ್ಟಿಗೆ ಆಗಬೇಕಾದವರಿಗೆ ಸೆಖೆ ದೊಡ್ಡ ವಿಷಯವೇ.

ಮೊದಲು ನಮ್ಮ ಕರಾವಳಿಯ ಬಿಸಿ ಎಂಥದ್ದು ಅಂತ ನೋಡಬೇಕು. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕ ಹಾಕುತ್ತದೆ, ಕರಾವಳಿಗೆ 37 ಡಿಗ್ರಿಯೇ ಸಾಕು. ಕಾರಣ ಗಾಳಿಯಲ್ಲಿರುವ ನೀರಿನ ಪಸೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು, ನಮ್ಮಲ್ಲಿ ಅದು ಸುಲಭಕ್ಕೆ ಆರುವುದಿಲ್ಲ, ಇಳಿಯುತ್ತದೆ. ಆದರೆ ಇದರಲ್ಲೊಂದು ಅನುಕೂಲವೂ ಉಂಟು. ಚರ್ಮದ ಬಿಸಿ ಸುಮಾರು 33ರಿಂದ 35 ಡಿಗ್ರಿ. ನಮ್ಮ ಮಧ್ಯಾಹ್ನದ ಗಾಳಿ ಹೆಚ್ಚಿನ ದಿನ ಅದರ ಆಸುಪಾಸಿನಲ್ಲೇ ಇರುತ್ತದೆ, ಅದಕ್ಕಿಂತ ತುಂಬಾ ಮೇಲೆ ಹೋಗುವುದಿಲ್ಲ. ಅಂದರೆ ಮೈಗೆ ಗಾಳಿ ತಾಗಿದಷ್ಟೂ ನಮಗೆ ಲಾಭ. ರಾಯಚೂರು, ಕಲಬುರಗಿಯ 42 ಡಿಗ್ರಿಯಲ್ಲಿ ಹೀಗಲ್ಲ. ಅಲ್ಲಿ ಬೀಸುವ ಗಾಳಿಯೇ ಮೈಯನ್ನು ಕಾಯಿಸುತ್ತದೆ, ಜಾಕೆಟ್ಟಿನ ತೂತುಗಳನ್ನು ಸ್ವಲ್ಪ ಮುಚ್ಚಿಕೊಂಡು ಹೋಗುವುದೇ ಒಳ್ಳೆಯದು.

ಹಾಗಾಗಿ ಬೇರೆ ಊರಿನವರು ಕೊಡುವ ಸಲಹೆಗಳನ್ನು ಇಲ್ಲಿ ಕಣ್ಣು ಮುಚ್ಚಿ ನಂಬಬಾರದು. ನೀರಿನಲ್ಲಿ ಅದ್ದಿ ಹಾಕುವ ಕೂಲಿಂಗ್ ವೆಸ್ಟ್ ಬಗ್ಗೆ ತುಂಬಾ ಜನ ಹೇಳುತ್ತಾರೆ. ಒಣ ಹವೆಯಲ್ಲಿ ಅದು ನಿಜವಾಗಿ ಒಳ್ಳೆಯ ವಸ್ತು. ಪಣಂಬೂರಿನ ಗಾಳಿಯಲ್ಲಿ ಮಾತ್ರ ಆ ನೀರು ಬೇಗ ಆರುವುದಿಲ್ಲ. ಬೆವರು ಸಾಲದೆಂದು ಒದ್ದೆ ಬಟ್ಟೆ ಬೇರೆ ಹೊತ್ತುಕೊಂಡ ಹಾಗೆ ಆಗುತ್ತದೆ. ಅದಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ಮೆಶ್, ಅಂದರೆ ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ಟಿಗೆ ಹಾಕಿ ಎಂದೇ ನಾನು ಹೇಳುವುದು.

ಮೆಶ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಜಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಎದೆ, ಬೆನ್ನು, ತೋಳಿನ ಒಳಭಾಗ ಸೊಳ್ಳೆಪರದೆಯ ಹಾಗೆ ಆಚೆ ಕಾಣಬೇಕು. ಭುಜ, ಮೊಣಕೈ, ಮುಂಗೈಯ ಹೊರಭಾಗದಲ್ಲಿ ಬೆಳಕು ಬರಲೇಬಾರದು, ಅಲ್ಲಿ ದಪ್ಪ ನೇಯ್ಗೆಯ ಬಟ್ಟೆ ಬೇಕು. ಡಾಂಬರಿಗೆ ಉಜ್ಜುವುದು ಆ ಜಾಗಗಳೇ. ಯುರೋಪಿನ ಇಎನ್ 17092 ಮಾನದಂಡದಲ್ಲಿ ಉಡುಪಿನ ಒಟ್ಟು ಗಟ್ಟಿತನಕ್ಕೆ ಎ, ಎಎ, ಎಎಎ ಎಂಬ ದರ್ಜೆಗಳಿವೆ, ಎ ಹೆಚ್ಚಾದಷ್ಟೂ ಗಟ್ಟಿ. ಬೇಸಿಗೆಯ ಮೆಶ್‌ಗಳು ಹೆಚ್ಚಾಗಿ ಎ ದರ್ಜೆಯಲ್ಲಿ ಬರುತ್ತವೆ. ಹೆದ್ದಾರಿಯಲ್ಲೇ ಓಡಾಡುವವರು ಎಎ ಸಿಗುತ್ತದಾ ಅಂತ ಕೇಳಿ ನೋಡಬೇಕು.

ಒಳಗಿರುವ ಪ್ಯಾಡ್‌ಗಳನ್ನು ಜೇಬಿನಿಂದ ಹೊರಗೆ ತೆಗೆದು ಓದಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ. ಭುಜ, ಮೊಣಕೈ, ಮೊಣಕಾಲಿನದಕ್ಕೆ ಇಎನ್ 1621-1 ಎಂದಿರುತ್ತದೆ, ಪಕ್ಕದಲ್ಲಿ ಲೆವೆಲ್ 1 ಅಥವಾ 2. ಪರೀಕ್ಷೆಯಲ್ಲಿ ಪ್ಯಾಡಿನ ಮೇಲೆ 50 ಜೂಲ್‌ನ ಪೆಟ್ಟು ಬೀಳಿಸಿ ಕೆಳಗೆ ಎಷ್ಟು ಬಲ ದಾಟುತ್ತದೆ ಎಂದು ಅಳೆಯುತ್ತಾರೆ. ಲೆವೆಲ್ 1ಕ್ಕೆ ಸರಾಸರಿ 35 ಕಿಲೋನ್ಯೂಟನ್ ತನಕ ದಾಟಬಹುದು, ಲೆವೆಲ್ 2ಕ್ಕೆ 20ರ ಒಳಗೇ ನಿಲ್ಲಬೇಕು. ನಮ್ಮ ಊರಿನವರು ಇನ್ನೊಂದು ಗುರುತು ಹುಡುಕಬೇಕು: ಟಿ ಪ್ಲಸ್. ಮೃದುವಾಗಿದ್ದು ಪೆಟ್ಟು ಬಿದ್ದಾಗ ಗಟ್ಟಿಯಾಗುವ ಪ್ಯಾಡ್‌ಗಳು ಬಿಸಿಗೆ ಇನ್ನಷ್ಟು ಮೆತ್ತಗಾಗುತ್ತವೆ. 40 ಡಿಗ್ರಿಯಲ್ಲಿಯೂ ಪರೀಕ್ಷೆ ದಾಟಿದ ಪ್ಯಾಡಿಗೆ ಮಾತ್ರ ಆ ಗುರುತು ಸಿಗುವುದು. ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಜಾಕೆಟ್ ನೇತುಹಾಕಿ ಆಸ್ಪತ್ರೆಯೊಳಗೆ ಹೋಗುವ ನನ್ನಂಥವರಿಗೆ ಇದು ತೀರಾ ಬೇಕಾದ ವಿಷಯ.

ಗಾಳಿಯಾಡಲಿ ಎಂದು ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಬಿದ್ದಾಗ ತೋಳು ತಿರುಗಿ ಪ್ಯಾಡ್ ಮೊಣಕೈಯಿಂದ ಆಚೆ ಹೋಗಿರುತ್ತದೆ, ಹಾಕಿಯೂ ಹಾಕದ ಹಾಗೆ.

ಒಳಗೆ ನಾನು ಬನಿಯನ್ ಹಾಕುವುದಿಲ್ಲ. ಹತ್ತಿ ಬೆವರು ಕುಡಿದು ಭಾರವಾಗಿ ಮೈಗೆ ಅಂಟಿಕೊಳ್ಳುತ್ತದೆ. ಆಟದವರು ಹಾಕುವಂಥ ತೆಳು ಫುಲ್ ಕೈ ಟೀ ಶರ್ಟ್ ಸಾಕು, ಬೆವರನ್ನು ಹರಡಿಸುತ್ತದೆ, ಜಾಕೆಟ್ ತೆಗೆಯುವಾಗ ತೋಳಿಗೆ ಕಚ್ಚಿಕೊಳ್ಳುವುದೂ ಇಲ್ಲ. ಅದು ಜಾಕೆಟ್ಟಿನ ಒಳಗೆ ಮಾತ್ರ. ಅಂಥ ಬಟ್ಟೆಯೊಂದನ್ನೇ ಹಾಕಿಕೊಂಡು ಬಿದ್ದರೆ ಉಜ್ಜಿದ ಬಿಸಿಗೆ ಕರಗಿ ಗಾಯಕ್ಕೆ ಹಿಡಿಯುತ್ತದೆ. ಇಸ್ತ್ರಿ ಶರ್ಟು ಬ್ಯಾಗಿನಲ್ಲಿ, ಜೊತೆಗೊಂದು ಬೈರಾಸು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಜಾಕೆಟ್ ತೆಗೆದು, ಬೈರಾಸಿನಲ್ಲಿ ಕುತ್ತಿಗೆ ಬೆನ್ನು ಒರೆಸಿ, ಶರ್ಟು ಹಾಕಿ ಒಳಗೆ ಹೋಗುತ್ತೇನೆ. ಎಷ್ಟೋ ಡಾಕ್ಟರುಗಳಿಗೆ ಈಗ ಇದು ಗೊತ್ತು.

ಇನ್ನು ಗ್ಲೌಸ್. ಸೆಖೆಗೆ ಜನ ಮೊದಲು ಬಿಡುವುದೇ ಇದನ್ನು. ನನ್ನ ಚಿಕ್ಕಪ್ಪನ ಮಗ ಕಾಪು ದಾಟಿ ಕಟಪಾಡಿ ಕಡೆಗೆ ಬರುವಾಗ ಮೀನು ಲಾರಿಯಿಂದ ಸೋರಿದ ನೀರಿನ ಮೇಲೆ ಜಾರಿ ಬಿದ್ದ. ಸ್ಪೀಡ್ ಏನೂ ಇರಲಿಲ್ಲ, ಸರ್ವಿಸ್ ರೋಡಿಗೆ ತಿರುಗಲು ಬ್ರೇಕ್ ಹಿಡಿದದ್ದಷ್ಟೆ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಆದರೆ ಬೀಳುವ ಮನುಷ್ಯ ಕೈ ಊರಿಯೇ ಬೀಳುವುದು. ಎರಡೂ ಅಂಗೈಯ ಬುಡದ ಚರ್ಮ ಎದ್ದುಬಂದು ಒಳಗೆ ಜಲ್ಲಿಪುಡಿ ಕೂತಿತ್ತು. ಆಸ್ಪತ್ರೆಯಲ್ಲಿ ಅದನ್ನು ಉಜ್ಜಿ ತೊಳೆಯುವಾಗ ಅವನ ಭುಜ ಹಿಡಿದು ನಿಂತವನು ನಾನು. ಆಮೇಲೆ ಬಹಳ ದಿನ ಚಿಕ್ಕಮ್ಮ ಅನ್ನ ಕಲಸಿ ತುತ್ತು ಕೊಟ್ಟರು. ಇಪ್ಪತ್ತಾರರ ಹುಡುಗ ತಲೆ ತಗ್ಗಿಸಿ ಬಾಯಿ ತೆರೆಯುತ್ತಿದ್ದ.

ಅವನ ಎಲುಬು ಉಳಿದದ್ದು ಪುಣ್ಯ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಒಳಗೆ ಸ್ಕೇಫಾಯ್ಡ್ ಎಂಬ ಸಣ್ಣ ಎಲುಬು ಉಂಟು. ಕೈ ಊರಿ ಬಿದ್ದಾಗ ಮುರಿಯುವವುಗಳಲ್ಲಿ ಅದೂ ಒಂದು. ಅದಕ್ಕೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಬರುವುದರಿಂದ ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಾಲದೆ ಕೂಡುವುದು ನಿಧಾನ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಹೋಗುವುದೂ ಉಂಟು. ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಂಡು ಇರುವ ಗ್ಲೌಸ್ ಇದ್ದರೆ ಕೈ ರಸ್ತೆಗೆ ಕಚ್ಚಿಕೊಳ್ಳದೆ ಮುಂದಕ್ಕೆ ಜಾರುತ್ತದೆ. ಮೇಲ್ಭಾಗ ಮೆಶ್, ಅಂಗೈ ಚರ್ಮದ್ದು ಇರುವಂಥದ್ದು ಸಿಗುತ್ತದೆ. ಸೆಖೆಗೂ ಆಗುತ್ತದೆ, ಬೆವರಿದ ಕೈಯಿಂದ ಹ್ಯಾಂಡಲ್ ಜಾರುವುದೂ ತಪ್ಪುತ್ತದೆ.

ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೂ ಒಂದು ಮಾತು. ಭಾರತೀಯ ಮಾನದಂಡ ಐಎಸ್ 4151ರ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ನಿಯಮ 2021ರ ಜೂನ್ 1ರಿಂದ ಉಂಟು. ಹಾಗಿದ್ದೂ ರಸ್ತೆ ಬದಿಯಲ್ಲಿ ಟೋಪಿಯಂಥವು ನೇತಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೆಖೆ ಎಂದು ಅರ್ಧ ಹೆಲ್ಮೆಟ್ ಹಾಕಿದರೆ ಗಲ್ಲ, ದವಡೆ, ಹಲ್ಲು ಎಲ್ಲ ರಸ್ತೆಗೆ ಬಿಟ್ಟುಕೊಟ್ಟ ಹಾಗೆ. ಫುಲ್ ಫೇಸ್‌ನಲ್ಲಿಯೇ ಗಲ್ಲದ ಬಳಿ ಮತ್ತು ಹಣೆಯ ಮೇಲೆ ಗಾಳಿ ಒಳಗೆ ಬರುವ, ಹಿಂದೆ ಹೊರಗೆ ಹೋಗುವ ತೂತುಗಳಿರುವುದನ್ನು ಆರಿಸಿ. ಒಳಗಿನ ಬಟ್ಟೆ ಕಳಚಿ ತೊಳೆಯಲು ಬರಬೇಕು. ಬೇಸಿಗೆಯಲ್ಲಿ ನಾನು ವಾರಕ್ಕೊಮ್ಮೆ ಶಾಂಪೂ ನೀರಿನಲ್ಲಿ ಹಿಂಡಿ ನೆರಳಿನಲ್ಲಿ ಒಣಗಿಸುತ್ತೇನೆ. ತಲೆಗೆ ತೆಳು ಟೋಪಿ ಹಾಕಿದರೆ ಅಷ್ಟು ಬೇಗ ನಾತ ಹಿಡಿಯುವುದಿಲ್ಲ.

ಎಲ್ಲವನ್ನೂ ಎಲ್ಲ ಹೊತ್ತೂ ಹಾಕಬೇಕು ಎಂದು ನಾನು ಹೇಳುವವನಲ್ಲ. ಹಂಪನಕಟ್ಟೆ, ಬಲ್ಮಠ, ಕಂಕನಾಡಿ ಎಂದು ಊರೊಳಗೇ ಸುತ್ತುವ ದಿನ ಮೊಣಕಾಲಿನ ಗಾರ್ಡ್ ಮನೆಯಲ್ಲೇ ಇರುತ್ತದೆ. ರೈಡಿಂಗ್ ಪ್ಯಾಂಟ್ ಚಾರ್ಮಾಡಿ ಘಾಟಿ ಹತ್ತುವ ದಿನಕ್ಕೆ ಮಾತ್ರ. ಹೆಲ್ಮೆಟ್, ಗ್ಲೌಸ್, ಕಾಲಿನ ಹರಡು ಮುಚ್ಚುವ ಶೂ ಇವು ಮೂರು ಯಾವತ್ತೂ ಬಿಡುವುದಿಲ್ಲ. ನಂತೂರು ದಾಟಿ ಹೆದ್ದಾರಿ ಹಿಡಿದ ಮೇಲೆ ಜಾಕೆಟ್ ಇಲ್ಲದೆ ಮುಂದೆ ಹೋಗುವುದಿಲ್ಲ. ಬೈಕಂಪಾಡಿಯಲ್ಲಿ ಟ್ಯಾಂಕರುಗಳ ನಡುವೆ ಹೋಗುವಾಗ ಅದು ಮೈಮೇಲಿರಬೇಕು.

ಸಂಕಟವಾಗುವುದು ಓಡುವಾಗ ಅಲ್ಲ, ನಿಂತಾಗ. ಓಡುತ್ತಿದ್ದರೆ ಮೆಶ್ ಜಾಕೆಟ್ಟಿನೊಳಗೆ ಆರಾಮ. ಮಂಗಳೂರಿನ ಕೆಪಿಟಿ ಸಿಗ್ನಲ್ಲಿನಲ್ಲಿ ಕೆಳಗಿನಿಂದ ಎಂಜಿನ್ನು, ಮೇಲಿನಿಂದ ಬಿಸಿಲು. ಅದಕ್ಕೆ ಬೈಕ್ ಸ್ಟಾರ್ಟ್ ಮಾಡುವ ಹೊತ್ತಿಗಷ್ಟೇ, ಅದೂ ನೆರಳಿನಲ್ಲಿ ನಿಂತು ಜಾಕೆಟ್ ಹಾಕುತ್ತೇನೆ. ಹನ್ನೆರಡರಿಂದ ಮೂರರ ತನಕ ಒಂದೇ ಊರಿನ ಡಾಕ್ಟರುಗಳನ್ನು ಇಟ್ಟುಕೊಳ್ಳುತ್ತೇನೆ. ಸಂಜೆ ಉಡುಪಿಯಿಂದ ಹಿಂದೆ ಬರುವಾಗ ಪಡುವಣ ಬಿಸಿಲು ಪೂರಾ ಬಲಗೈಗೆ ಹೊಡೆಯುತ್ತದೆ. ಆಗ ಉದ್ದ ತೋಳಿನ ಬೆಲೆ ಗೊತ್ತಾಗುತ್ತದೆ.

ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಉಪ್ಪಿನಂಶ ಕಡಿಮೆ. ಬೆವರಿನಲ್ಲಿ ನೀರಿನ ಜೊತೆ ಹೋಗುವುದು ಮುಖ್ಯವಾಗಿ ಉಪ್ಪು, ಹಾಗಾಗಿ ಬೊಂಡವೊಂದೇ ಸಾಲದು. ಬೆಳಿಗ್ಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತಿಳಿ, ದಾರಿಯಲ್ಲಿ ಮಜ್ಜಿಗೆ ನೀರು, ಇದೇ ನನ್ನ ಕ್ರಮ. ತೀರಾ ಬೆವರಿದ ದಿನ ಓಆರ್‌ಎಸ್ ಪುಡಿ, ಒಂದು ಲೀಟರಿನ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರನ್ನೇ ಹಾಕಿ. ತಲೆನೋವು, ವಾಕರಿಕೆ, ಸೆಖೆಯಲ್ಲೂ ಮೈ ಜುಂ ಎನ್ನುವುದು, ಇವು ಶುರುವಾದರೆ ಮುಂದಿನ ಊರು ಮುಟ್ಟೋಣ ಎಂದು ಹೋಗಬೇಡಿ. ಅಲ್ಲೇ ನೆರಳಿಗೆ ನಿಲ್ಲಿಸಿ ಜಾಕೆಟ್ ತೆಗೆದು ಕುತ್ತಿಗೆ, ಕಂಕುಳಿಗೆ ನೀರು ಹಾಕಿ.

ದುಡ್ಡು ಸ್ವಲ್ಪವೇ ಇದ್ದರೆ ಹೆಲ್ಮೆಟ್ ಮೊದಲು, ಆಮೇಲೆ ಗ್ಲೌಸ್, ಆಮೇಲೆ ಶೂ, ಕೊನೆಗೆ ಜಾಕೆಟ್. ಜಾಕೆಟ್ ನೋಡಲು ಮಧ್ಯಾಹ್ನದ ಹೊತ್ತಿಗೇ ಹೋಗಿ. ಎಸಿ ಅಂಗಡಿಯೊಳಗೆ ಎಲ್ಲ ಜಾಕೆಟ್ಟೂ ತಂಪಾಗಿಯೇ ಇರುತ್ತದೆ. ಕೇಳಿಕೊಂಡು ಹೊರಗೆ ಬಂದು ನಿಮ್ಮ ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ತೋಳು ಮೇಲಕ್ಕೆ ಸರಿಯುತ್ತದಾ, ಮೊಣಕೈ ಮಡಚಿದಾಗ ಪ್ಯಾಡ್ ಜಾಗದಲ್ಲೇ ಇರುತ್ತದಾ ನೋಡಿ. ಹಾಗೇ ಬಿಸಿಲಿನಲ್ಲಿ ಒಂದೈದು ನಿಮಿಷ ಕೂತಿರಿ. ಇಷ್ಟಕ್ಕೆ ಒಪ್ಪದ ಅಂಗಡಿಯಿದ್ದರೆ ಬೇರೆ ಅಂಗಡಿಗೆ ಹೋಗಿ.