ಗುಲಾಬಿಯೊಡನೆ ಅಡುಗೆಮನೆಯ ಕೆಲಸ

ಸಿಹಿತಿನಿಸು ತಯಾರಿಸುವ ಅಡುಗೆಮನೆಯಲ್ಲಿ ಗುಲಾಬಿಯ ಹೊಣೆ ನನ್ನ ಪಾಲಿಗೆ ಬಂದ ಮೇಲೆ, ಹೊಸದಾಗಿ ಸೇರಿದವರಿಗೆ ಮೊದಲು ಹೂವಿನ ಆಯ್ಕೆಯನ್ನೇ ಹೇಳಿಕೊಡುತ್ತೇನೆ. ಪಾಕದ ಹದ ಆಮೇಲಿನ ಮಾತು. ಹೂದಾನಿಯಲ್ಲಿ ಹೆಚ್ಚು ದಿನ ಬಾಳಲೆಂದು ಬೆಳೆಸಿದ ಉದ್ದ ಕಾಂಡದ ಗುಲಾಬಿಗಳಲ್ಲಿ ಸಾಮಾನ್ಯವಾಗಿ ಬಣ್ಣವಿದ್ದಷ್ಟು ಪರಿಮಳವಿರುವುದಿಲ್ಲ. ಅವಕ್ಕೆ ಹೊಡೆಯುವ ಕೀಟನಾಶಕವೂ ತಿನ್ನುವ ಬೆಳೆಯನ್ನು ಗಮನದಲ್ಲಿಟ್ಟು ಬಳಸಿದ್ದಲ್ಲವಾದ್ದರಿಂದ, ನೋಡಲು ಎಷ್ಟೇ ಚೆನ್ನಾಗಿದ್ದರೂ ಅಂಥ ಹೂವನ್ನು ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಔಷಧ ಸಿಂಪಡಿಸದ, ಪರಿಮಳಕ್ಕೆ ಹೆಸರಾದ ಡಮಾಸ್ಕ್ ಅಥವಾ ಸೆಂಟಿಫೋಲಿಯಾ ತಳಿಯ ಗುಲಾಬಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ.

ಬಿಸಿಲೇರಿದಂತೆ ಪರಿಮಳದ ತೈಲ ಆವಿಯಾಗುವುದರಿಂದ, ಆಗಷ್ಟೇ ಅರಳಿದ ಹೂವನ್ನು ಬೆಳಗಿನ ಹೊತ್ತಿನಲ್ಲೇ ಕೊಯ್ಯಬೇಕು. ಎಸಳಿನ ಬುಡದ ಬಿಳಿಯ ಭಾಗ ಕಹಿಯಾಗಿರುತ್ತದೆ; ಅದನ್ನು ಕತ್ತರಿಸಿ ತೆಗೆಯುವುದು ಬೇಸರದ ಕೆಲಸ, ಆದರೂ ತಪ್ಪಿಸುವಂತಿಲ್ಲ.

ನಿಜವಾದ ಜಾಣ್ಮೆ ಬೇಕಾಗುವುದು ಶಾಖದ ವಿಷಯದಲ್ಲಿ. ಎಸಳನ್ನು ಪಾಕದೊಳಗೆ ಕುದಿಸುತ್ತಾ ಹೋದರೆ ಕೋಣೆಯೆಲ್ಲ ಘಮಘಮಿಸುತ್ತದೆ, ಪಾತ್ರೆಯಲ್ಲಿ ಮಾತ್ರ ಬಾಡಿದ ಸೊಪ್ಪಿನ ರುಚಿ ಉಳಿಯುತ್ತದೆ. ಆದ್ದರಿಂದ ನಾವು ಪಾಕವನ್ನು ಒಲೆಯಿಂದಿಳಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಎಸಳು ಹಾಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡುತ್ತೇವೆ. ಗುಲಾಬಿಯ ಪರಿಮಳದಲ್ಲಿ ಪ್ರಮುಖವಾದ ಫಿನೈಲ್ ಈಥೈಲ್ ಆಲ್ಕೋಹಾಲ್ ಎಂಬ ಅಂಶ ಬಟ್ಟಿ ಇಳಿಸುವಾಗ ಬಹುಪಾಲು ನೀರಿನಲ್ಲೇ ಉಳಿದರೆ, ಸಿಟ್ರೊನೆಲ್ಲೋಲ್ ಮತ್ತು ಜೆರಾನಿಯಾಲ್ ಎಂಬ ಪರಿಮಳದ ಅಂಶಗಳು ಹೆಚ್ಚಾಗಿ ಮೇಲೆ ತೇಲುವ ಎಣ್ಣೆಗೆ ಸೇರುತ್ತವೆ. ಪನ್ನೀರಿನ ವಾಸನೆಯೂ ಗುಲಾಬಿ ಎಣ್ಣೆಯ ವಾಸನೆಯೂ ಒಂದೇ ಅಲ್ಲದಿರುವುದಕ್ಕೆ ಇದೇ ಕಾರಣ. ಕೊಬ್ಬು ಈ ಎರಡನೆಯ ಬಗೆಯ ಪರಿಮಳವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವುದರಿಂದ, ತಣ್ಣನೆಯ ಕೆನೆಯಲ್ಲಿ ನೆನೆಸಿದ ಎಸಳು ಕೊಡುವ ಸುವಾಸನೆ ನನಗೆ ಪಾಕದ್ದಕ್ಕಿಂತ ಹಿತವೆನಿಸುತ್ತದೆ.

ಬಣ್ಣದ ಲೆಕ್ಕವೇ ಬೇರೆ. ಎಸಳಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ಅಂಶ ಹುಳಿ ತಾಗಿದರೆ ಕೆಂಪೇರುತ್ತದೆ. ಮಾಸಲಾಗಿ ಕಾಣುವ ಗುಲಾಬಿ ಜಾಮ್‌ಗೆ ನಿಂಬೆರಸ ಬೀಳುತ್ತಿದ್ದಂತೆ ಬಣ್ಣ ಮರಳುವುದು ಇದರಿಂದಲೇ. ಅಡುಗೆ ಸೋಡಾ ಹಾಕಿದ ಕೇಕಿನ ಹಿಟ್ಟಿಗೆ ಅದೇ ಎಸಳನ್ನು ಬೆರೆಸಿದರೆ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಹೀಗಾಗಿ ಕೇಕಿಗೆ ಒಣಗಿಸಿದ ಎಸಳನ್ನು ಅಲಂಕಾರಕ್ಕಾಗಿ ಮೇಲಷ್ಟೇ ಉದುರಿಸುತ್ತೇವೆ.

ಪನ್ನೀರನ್ನು ಕೊನೆಯಲ್ಲಿ, ಹನಿ ಹನಿಯಾಗಿ, ಪ್ರತಿ ಸಲ ರುಚಿ ನೋಡುತ್ತಾ ಸೇರಿಸಬೇಕು. ಸಾಬೂನಿಗೆ ಪರಿಮಳ ಕೊಡಲೂ ಇದೇ ದ್ರವ್ಯಗಳನ್ನು ಬಳಸುವುದರಿಂದ, ಪ್ರಮಾಣ ತುಸು ಹೆಚ್ಚಾದರೂ ತಿನ್ನುವವರಿಗೆ ಸಾಬೂನಿನ ನೆನಪಾಗುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಅದು ಮರೆಯಾಗುವುದಿಲ್ಲ.