ಮೂರನೇ ಬಾಗಿಲು: ನಮ್ಮ ಹಾರರ್ ಕಿರುಚಿತ್ರದ ಕೆಲಸ ಎಲ್ಲಿಗೆ ಬಂತು

ಮೊನ್ನೆ ರಾತ್ರಿ ನಮ್ಮ ಚಿತ್ರದ ಮುಖ್ಯವಾದ ಶಾಟ್ ಮುಗಿಯಿತು. ಉದ್ದ 75 ಸೆಕೆಂಡ್. ಹೋಟೆಲಿನ ಒಂದು ಖಾಲಿ ಕಾರಿಡಾರ್, ಏಳು ಬಾಗಿಲು, ನಿಧಾನವಾಗಿ ಮುಂದೆ ಹೋಗುವ ಕ್ಯಾಮೆರಾ. ಅಷ್ಟೇ. ಇದಕ್ಕೆ ಒಂಬತ್ತು ವಾರ ಹಿಡಿಯಿತು. ಮರೆಯುವ ಮುಂಚೆ ಎಲ್ಲ ಬರೆದಿಡುತ್ತಿದ್ದೇನೆ.

ಚಿತ್ರದ ಕಥೆ ಚಿಕ್ಕದು. ಜನ ಉಳಿದುಕೊಳ್ಳುವ ಒಂದು ಹಳೆಯ ಹೋಟೆಲ್. ರಾತ್ರಿ ಪಾಳಿಯ ಒಬ್ಬನೇ ಕ್ಲರ್ಕ್. ಮಹಡಿಯಲ್ಲಿ ಅವತ್ತು ಯಾರೂ ಇಲ್ಲ. ಅವನು ರೌಂಡ್ಸ್ ಹೋಗುತ್ತಾನೆ, ಬೀಗ ನೋಡುತ್ತಾನೆ, ರಿಜಿಸ್ಟರ್ ಬರೆಯುತ್ತಾನೆ. ಒಟ್ಟು 11 ನಿಮಿಷ. ದೆವ್ವ ಒಂದು ಸಲವೂ ಕಾಣುವುದಿಲ್ಲ. ಕ್ಲರ್ಕ್ ಪಾತ್ರ ನನ್ನ ಗೆಳೆಯನದು. ಮೇಜು, ಕೀಗೊಂಚಲು, ಅವನ ಕೈ ಮತ್ತು ಮುಖ ಇರುವ ಶಾಟ್‌ಗಳು ಮಾತ್ರ ನಿಜವಾದ ಕೋಣೆಯಲ್ಲಿ. ಕಾರಿಡಾರ್ ಪೂರ್ತಿ ಮಿನಿಯೇಚರ್, ಅಂದರೆ ಚಿಕ್ಕ ಅಳತೆಯಲ್ಲಿ ಕಟ್ಟಿದ ಪುಟ್ಟ ಸೆಟ್. ಅದನ್ನು ಒಂದೊಂದೇ ಫೋಟೋ ತೆಗೆದು ಜೋಡಿಸುತ್ತೇವೆ. ಒಂದು ಫೋಟೋ ಅಂದರೆ ಒಂದು ಫ್ರೇಮ್.

1 ಮತ್ತು 2ನೇ ವಾರ

ಕಟ್ಟುವುದಕ್ಕೆ ಮುಂಚೆ ಎರಡು ಚಿತ್ರಗಳನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ನೋಡಿದೆವು.

ಮೊದಲನೆಯದು 2011ರ 'ದಿ ಇನ್‌ಕೀಪರ್ಸ್'. ನಿರ್ದೇಶಕ ಟೈ ವೆಸ್ಟ್ ಮತ್ತು ತಂಡ ಅದಕ್ಕಿಂತ ಹಿಂದಿನ ಒಂದು ಚಿತ್ರ ಮಾಡುವಾಗ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಯಾಂಕಿ ಪೆಡ್ಲರ್ ಅನ್ನುವ ಹೋಟೆಲಿನಲ್ಲಿ ಉಳಿದುಕೊಂಡಿದ್ದರು. ಆಮೇಲೆ ಅದೇ ಹೋಟೆಲಿಗೆ ವಾಪಸ್ ಹೋಗಿ ಈ ಚಿತ್ರ ತೆಗೆದರು. ಮುಚ್ಚಲಿರುವ ಹೋಟೆಲ್, ಕೊನೆಯ ಎರಡು ಮೂರು ದಿನ, ಕೌಂಟರಿನಲ್ಲಿ ಇಬ್ಬರು ಕೆಲಸದವರು. ತುಂಬ ಹೊತ್ತು ಏನೂ ಆಗುವುದಿಲ್ಲ. ಅವರು ಹರಟೆ ಹೊಡೆಯುತ್ತಾರೆ, ಬೇಜಾರಾಗಿ ಅಡ್ಡಾಡುತ್ತಾರೆ. ಆ 'ಏನೂ ಆಗದ' ಹೊತ್ತಿನಲ್ಲೇ ನಮಗೆ ಆ ಹೋಟೆಲಿನ ಮೆಟ್ಟಿಲು, ಮೂಲೆ, ನೆಲಮಾಳಿಗೆಯ ಬಾಗಿಲು ಎಲ್ಲ ಬಾಯಿಪಾಠ ಆಗಿಬಿಡುತ್ತದೆ. ಇದು ನನಗೆ ತುಂಬ ಇಷ್ಟವಾದ ವಿಷಯ. ಹೋಟೆಲಿಗೆ ಬರುವ ಅತಿಥಿ ಒಂದು ರಾತ್ರಿ ಇದ್ದು ಹೋಗುತ್ತಾನೆ. ಕೆಲಸದವರಿಗೆ ಅದು ದಿನಾ ನೋಡುವ ಜಾಗ. ಅವರ ಕಣ್ಣಿನಿಂದ ನೋಡಿದರೆ ನಮಗೂ ಅಲ್ಲಿ ಬಳಕೆಯಾಗುತ್ತದೆ.

ಎರಡನೆಯದು ಸ್ಟ್ಯಾನ್ಲಿ ಕುಬ್ರಿಕ್‌ರ 'ದಿ ಶೈನಿಂಗ್', 1980ರದು. ಹೊರಗಿನಿಂದ ಕಾಣುವ ಕಟ್ಟಡ ಆರೆಗನ್‌ನ ಟಿಂಬರ್‌ಲೈನ್ ಲಾಡ್ಜ್. ಒಳಗಿನ ಕಾರಿಡಾರ್‌ಗಳು ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಹುಡುಗ ಮೂರು ಗಾಲಿಯ ಸೈಕಲ್ ಓಡಿಸುವ ದೃಶ್ಯವನ್ನು ನಾವು ಕಣ್ಣು ಮುಚ್ಚಿಕೊಂಡು ಕೇಳಿದೆವು. ಮರದ ನೆಲದ ಮೇಲೆ ಗಾಲಿ ಗಡಗಡ ಅನ್ನುತ್ತದೆ. ಕಾರ್ಪೆಟ್ ಬಂದ ಕೂಡಲೇ ಸದ್ದು ನಿಲ್ಲುತ್ತದೆ. ಮತ್ತೆ ಗಡಗಡ, ಮತ್ತೆ ಮೌನ. ಸಂಗೀತ ಇಲ್ಲದಿದ್ದರೂ ಎದೆ ಬಿಗಿಯಾಗುತ್ತದೆ. ಮುಂದಿನ ಮೌನ ಯಾವಾಗ ಬರುತ್ತದೆ ಅಂತ ಕಿವಿ ತಾನಾಗಿಯೇ ಕಾಯತೊಡಗುತ್ತದೆ.

ರೂಮ್ ನಂಬರ್ ವಿಷಯ ಬಂದಾಗ ನೆನಪಾಯಿತು. 'ದಿ ಶೈನಿಂಗ್' ಚಿತ್ರಕ್ಕೆ ಮೂಲವಾದ ಸ್ಟೀಫನ್ ಕಿಂಗ್ ಕಾದಂಬರಿಯಲ್ಲಿ ಇದ್ದದ್ದು 217. ಆ ನಂಬರಿನ ರೂಮಿಗೆ ಮುಂದೆ ಯಾರೂ ಬರಲಿಕ್ಕಿಲ್ಲ ಅಂತ ಲಾಡ್ಜಿನವರು ಹೆದರಿದ್ದರಿಂದ ಚಿತ್ರದಲ್ಲಿ 237 ಮಾಡಿದರು. 237 ನಂಬರಿನ ರೂಮ್ ಅಲ್ಲಿ ಇರಲೇ ಇಲ್ಲ. ನಮಗೆ ಅಷ್ಟು ದೊಡ್ಡ ನಂಬರ್ ಬೇಡ ಅನ್ನಿಸಿತು. ನೋಡುವವರು ಎಣಿಸಬೇಕು, ಎಣಿಸಿ ನೆನಪಿಟ್ಟುಕೊಳ್ಳಬೇಕು. ಹಾಗಾಗಿ 1ರಿಂದ 7. ಎಡಗಡೆ ನಾಲ್ಕು, ಬಲಗಡೆ ಮೂರು.

3ನೇ ವಾರ

ಅಳತೆ 1:12. ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಕಾರಿಡಾರಿನ ಉದ್ದ 6 ಅಡಿ, ಅಗಲ 7 ಇಂಚು, ಎತ್ತರ 9 ಇಂಚು. ಗೋಡೆಗೆ ಫೋಮ್ ಬೋರ್ಡ್. ಬಾಗಿಲಿಗೆ ತೆಳುವಾದ ಮರದ ಹಲಗೆ. ಬಾಗಿಲ ಹಿಡಿಗೆ ಗುಂಡು ತಲೆಯ ಪಿನ್‌ಗಳು, ಹಿತ್ತಾಳೆ ಬಣ್ಣ ಬಳಿದು. ಆರು ಹಿಡಿಗಳಿಗೆ ಕೈ ತಾಗುವ ಕಡೆ ಮಾತ್ರ ಬಣ್ಣ ಸ್ವಲ್ಪ ಸವೆಸಿದೆ. 3ನೇ ಬಾಗಿಲಿನದನ್ನು ಸವೆಸಲಿಲ್ಲ. ನಮ್ಮ ಕಥೆಯಲ್ಲಿ ಆ ರೂಮನ್ನು ಯಾರಿಗೂ ಕೊಡುವುದಿಲ್ಲ.

ಕಾರಿಡಾರ್ ಇನ್ನೂ ಉದ್ದ ಕಾಣಲಿ ಅಂತ ದೂರದ ತುದಿಯನ್ನು 5 ಇಂಚಿಗೆ ಕಿರಿದು ಮಾಡಿದ್ದೆ. ಬಾಗಿಲುಗಳೂ ಹಿಂದೆ ಹೋದ ಹಾಗೆ ಚಿಕ್ಕದಾಗುತ್ತಿದ್ದವು. ಕ್ಯಾಮೆರಾ ಒಂದೇ ಜಾಗದಲ್ಲಿದ್ದಾಗ ಅದ್ಭುತವಾಗಿ ಕಾಣುತ್ತಿತ್ತು. ಕ್ಯಾಮೆರಾ ಒಳಗೆ ಹೋಗತೊಡಗಿದ ಮೇಲೆ ಎಲ್ಲ ಕೆಟ್ಟಿತು. ಹತ್ತಿರ ಹೋದಷ್ಟೂ ಗೋಡೆಗಳು ಸೊಟ್ಟ ಅನ್ನುವುದು ಗೊತ್ತಾಗುತ್ತದೆ, ಕೊನೆಯ ಬಾಗಿಲು ಗೊಂಬೆಮನೆಯ ಬಾಗಿಲಿನಂತೆ ಕಾಣುತ್ತದೆ. ಈ ಉಪಾಯ ನಿಂತ ಕ್ಯಾಮೆರಾಗೆ ಮಾತ್ರ ಸರಿ.

ಎರಡು ದಿನ ಮನಸ್ಸು ಬರಲಿಲ್ಲ. ಆಮೇಲೆ ಬಿಚ್ಚಿ ನೇರವಾಗಿ ಕಟ್ಟಿದೆ. 4ನೇ ವಾರ ಪೂರ್ತಿ ಅದಕ್ಕೇ ಹೋಯಿತು.

5ನೇ ವಾರ

ನೆಲಕ್ಕೆ ಮೊದಲು ಕಾಗದದಲ್ಲಿ ಪ್ರಿಂಟ್ ಮಾಡಿದ ಕಾರ್ಪೆಟ್ ಹಾಕಿದೆವು. ದೀಪ ಬಿದ್ದ ಕಡೆ ಹೊಳೆಯುತ್ತಿತ್ತು. ತೆಗೆದು ಕಡುಗೆಂಪು ಮಖಮಲ್ ಬಟ್ಟೆ ಅಂಟಿಸಿದೆವು. ಮಖಮಲ್ಲಿಗೆ ಒಂದು ಗುಣ ಇದೆ: ಬೆರಳು ಎಳೆದರೆ ಗೆರೆ ಉಳಿಯುತ್ತದೆ. ಚಿಕ್ಕ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಬಾಚಿದರೆ ನಿಜವಾದ ಕಾರ್ಪೆಟ್ಟೇ.

ಗೋಡೆ ದೀಪಗಳಿಗೆ 3 ಮಿ.ಮೀ. ಎಲ್‌ಇಡಿ, ಹಳದಿ ಬೆಳಕಿನದು. ಮೇಲೆ ಬೆಣ್ಣೆ ಕಾಗದದ ಪುಟ್ಟ ಶೇಡ್. ಛಾವಣಿಯನ್ನು ತುಂಡು ತುಂಡಾಗಿ ಮಾಡಿದ್ದೇನೆ, ಯಾಕೆಂದರೆ ಕ್ಯಾಮೆರಾ ಮೇಲಿನಿಂದ ನೇತಾಡುತ್ತಾ ಬರುತ್ತದೆ. ಅದು ಮುಂದೆ ಹೋದ ಹಾಗೆ ಒಂದೊಂದೇ ತುಂಡು ತೆಗೆಯಬೇಕು.

ಕ್ಯಾಮೆರಾ ನೂಕುವುದಕ್ಕೆ ಎಂ6 ಥ್ರೆಡ್ ರಾಡ್ (ಉದ್ದಕ್ಕೂ ತಿರುಪಿನ ಗೆರೆ ಇರುವ 6 ಮಿ.ಮೀ. ದಪ್ಪದ ಕಂಬಿ) ಹಾಕಿದೆವು. ಒಂದು ಸುತ್ತು ತಿರುಗಿಸಿದರೆ 1 ಮಿ.ಮೀ. ಮುಂದೆ. ಪ್ರತಿ ಫ್ರೇಮಿಗೆ ಅರ್ಧ ಸುತ್ತು, ಅಂದರೆ ಅರ್ಧ ಮಿ.ಮೀ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 12 ಮಿ.ಮೀ. ನಿಜದ ಹೋಟೆಲಿನ ಅಳತೆಗೆ ಹಾಕಿದರೆ ಸೆಕೆಂಡಿಗೆ 14 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಮನುಷ್ಯ ಸಾಮಾನ್ಯವಾಗಿ ಇಷ್ಟು ನಿಧಾನವಾಗಿ ನಡೆಯುವುದಿಲ್ಲ. ಯಾರು ನಡೆಯುತ್ತಿದ್ದಾರೆ ಅನ್ನುವ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

6ನೇ ವಾರ

ಒಟ್ಟು 1800 ಫ್ರೇಮ್. ಒಂದಕ್ಕೆ ಸುಮಾರು 20 ಸೆಕೆಂಡ್. ಅಂದರೆ 10 ಗಂಟೆ. ಸಂಜೆ ಏಳಕ್ಕೆ ಶುರು ಮಾಡಿ ಬೆಳಗಿನ ಜಾವ ಐದಕ್ಕೆ ಮುಗಿಸಿದೆವು. ಬೆಳಕು ಪುಟಿಯಬಾರದು ಅಂತ ಇಬ್ಬರೂ ಕಪ್ಪು ಬಟ್ಟೆ ಹಾಕಿದ್ದೆವು.

ಪ್ಲೇ ಮಾಡಿ ನೋಡಿದರೆ ಇಡೀ ಶಾಟ್ ಮಿಣಮಿಣ ಅನ್ನುತ್ತಿದೆ. ಇದಕ್ಕೆ ಕಾರಣ ಲೆನ್ಸ್. ಈಗಿನ ಲೆನ್ಸ್‌ಗಳು ಪ್ರತಿ ಫೋಟೋಗೂ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಕಿರಿದು ಮಾಡಿ ಮತ್ತೆ ತೆರೆಯುತ್ತವೆ. ಪ್ರತಿ ಸಲ ಕೂದಲೆಳೆಯಷ್ಟು ವ್ಯತ್ಯಾಸ ಆಗುತ್ತದೆ. ಒಂದು ಫೋಟೋದಲ್ಲಿ ಅದು ಕಾಣುವುದಿಲ್ಲ, 24 ಒಟ್ಟಿಗೆ ಓಡಿದಾಗ ಕಾಣುತ್ತದೆ. ಹೋಟೆಲ್ ದೀಪ ಮಿಣುಕುತ್ತಿದೆ ಅಂತ ಇಟ್ಟುಕೊಳ್ಳೋಣ ಅಂದ ಗೆಳೆಯ. ನನಗೆ ಒಪ್ಪಿಗೆಯಾಗಲಿಲ್ಲ. ದೀಪ ಮಿಣುಕಿದರೆ ನೋಡುವವರಿಗೆ ಏನೋ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ನಮ್ಮ ಹೋಟೆಲಿನಲ್ಲಿ ಎಲ್ಲ ಸರಿಯಾಗಿಯೇ ಇರಬೇಕು.

ಆದರೂ ಆ ಶಾಟನ್ನು ಮೂವರಿಗೆ ತೋರಿಸಿದೆ. ಅದಷ್ಟನ್ನೇ. ಯಾರಿಗೂ ಏನೂ ಅನ್ನಿಸಲಿಲ್ಲ. ಒಬ್ಬರು ಮುಗಿದ ಮೇಲೆ "ಶುರುವಾಗೋದು ಯಾವಾಗ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ ಅದು. ಅವರಿಗೆ ಆ ಕಾರಿಡಾರ್ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಏನು ಬದಲಾದರೂ ನಮಗೆ ಏನಾಗಬೇಕು?

ಅವತ್ತಿನಿಂದ ಎಡಿಟ್ ಬದಲಾಯಿಸಿದೆವು. ಮೊದಲ ಐದು ನಿಮಿಷ ಬರೀ ಕೆಲಸ. ಕ್ಲರ್ಕ್ ಏಳೂ ಬಾಗಿಲ ಹಿಡಿ ತಿರುಗಿಸಿ ನೋಡುತ್ತಾನೆ, ಎರಡು ಸಲ. 3ರ ಬೀಗದ ಕೈ ಕೊಕ್ಕೆಯಲ್ಲೇ ಇದೆ, ರಿಜಿಸ್ಟರಿನಲ್ಲಿ ಅದರ ಮುಂದೆ ಅಡ್ಡಗೆರೆ ಇದೆ. ಇದನ್ನು ಒತ್ತಿ ಹೇಳುವುದಿಲ್ಲ. ಅವನು ಅಡ್ಡಗೆರೆ ಎಳೆಯುವಾಗ ಕ್ಯಾಮೆರಾ ಪೆನ್ನಿನ ತುದಿಯ ಮೇಲಿರುತ್ತದೆ, ಅಷ್ಟೇ.

7ನೇ ವಾರ, ಸದ್ದು

ಹೆಜ್ಜೆ ಸದ್ದಿಗೆ ಮಡಚಿದ ಕಂಬಳಿಯ ಮೇಲೆ ಶೂ ಹಾಕಿ ನಡೆದೆ. ಕೀಗೊಂಚಲು ನಿಜವಾದದ್ದೇ, ಮೈಕಿನಿಂದ ಒಂದು ಗೇಣು ದೂರ.

ಫ್ರಿಜ್ಜಿನ ಗುಂಯ್ ಸದ್ದನ್ನು ರೆಕಾರ್ಡ್ ಮಾಡಿ ಮೊದಲ ಫ್ರೇಮಿನಿಂದಲೇ ಕೆಳಗೆ ಹಾಕಿದ್ದೇವೆ. ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಕಾರಿಡಾರ್ ಶಾಟಿನಲ್ಲಿ ಅದನ್ನು ತೆಗೆಯಬೇಕು. ಒಮ್ಮೆಲೇ ಕತ್ತರಿಸಿದಾಗ ಎಲ್ಲರೂ ತಲೆಯೆತ್ತಿದರು. 40 ಸೆಕೆಂಡ್‌ನಲ್ಲಿ ಮೆಲ್ಲಗೆ ಇಳಿಸಿದಾಗ ಯಾರೂ ಗಮನಿಸಲಿಲ್ಲ, ಆದರೆ ಉಸಿರಾಡುವ ಸದ್ದು ಕೇಳಿಸುವಷ್ಟು ಕೋಣೆ ಸುಮ್ನಾಯಿತು.

ಕಿವಿಗೆ ಕೇಳದ ಸದ್ದನ್ನೂ ಯೋಚಿಸಿದ್ದೆ. ವಿಕ್ ಟ್ಯಾಂಡಿ ಅನ್ನುವ ಬ್ರಿಟಿಷ್ ಎಂಜಿನಿಯರ್ 1998ರಲ್ಲಿ ಬರೆದ ಲೇಖನ ಇದೆ. ಅವರ ಲ್ಯಾಬಿನಲ್ಲಿ ಜನರಿಗೆ ಯಾರೋ ಪಕ್ಕದಲ್ಲಿದ್ದಾರೆ ಅನ್ನಿಸುತ್ತಿತ್ತು. ಕೊನೆಗೆ ಒಂದು ಫ್ಯಾನಿನಿಂದ ಬರುತ್ತಿದ್ದ ಸುಮಾರು 19 ಹರ್ಟ್ಜ್ ಕಂಪನವೇ ಕಾರಣ ಅಂತ ಅವರು ವಾದಿಸಿದರು. ನಮಗೆ ಅದು ಉಪಯೋಗವಿಲ್ಲ. ನಮ್ಮ ಚಿತ್ರ ನೋಡುವುದು ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ. ಆ ಚಿಕ್ಕ ಸ್ಪೀಕರ್‌ಗಳಿಂದ ಅಷ್ಟು ಕೆಳಗಿನ ಸದ್ದು ಬರುವುದೇ ಇಲ್ಲ. ಬಿಟ್ಟೆ.

8ನೇ ವಾರ

ಮೂರನೇ ಬಾಗಿಲು. ಇದನ್ನು ವಿವರವಾಗಿ ಬರೆಯಬೇಕು.

ತುಂಬ ನಿಧಾನವಾಗಿ ಆಗುವ ಬದಲಾವಣೆ ಕಣ್ಣೆದುರೇ ನಡೆದರೂ ಎಷ್ಟೋ ಸಲ ಕಾಣುವುದಿಲ್ಲ. 2000ದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಸೈಮನ್ಸ್ ಮತ್ತು ಜೊತೆಯವರು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಚಿತ್ರದಲ್ಲಿ ಯಾವ ಅಡ್ಡಿಯೂ ಇಲ್ಲದೆ, ಒಂದು ವಸ್ತು ಮೆಲ್ಲಗೆ ಮಾಯವಾದರೂ ಜನ ಎಷ್ಟೋ ಸಲ ಗಮನಿಸುವುದಿಲ್ಲ. ನಮ್ಮ ಶಾಟಿಗೆ ಇದೇ ಬೇಕಿತ್ತು.

ಬಾಗಿಲು ಒಳಮುಖವಾಗಿ ತೆರೆಯುತ್ತದೆ. ಗೋಡೆಯ ಹಿಂದೆ ಒಂದು ತೆಳು ರಬ್ಬರ್ ಬ್ಯಾಂಡ್ ಅದನ್ನು ಎಳೆಯುತ್ತಿರುತ್ತದೆ. ಒಂದು ಎಂ3 ತಿರುಪು ಅದನ್ನು ತಡೆಹಿಡಿದಿರುತ್ತದೆ. ತಿರುಪನ್ನು ಒಂದು ಸುತ್ತು ಸಡಿಲಿಸಿದರೆ ಬಾಗಿಲು ಅರ್ಧ ಮಿ.ಮೀ. ಒಳಗೆ ಹೋಗುತ್ತದೆ. ಮೊದಲ 100 ಫ್ರೇಮ್ ಮತ್ತು ಕೊನೆಯ 100 ಫ್ರೇಮ್ ಮುಟ್ಟುವುದಿಲ್ಲ. ನಡುವಿನ 1600ರಲ್ಲಿ ಪ್ರತಿ 25 ಫ್ರೇಮಿಗೆ ಒಂದು ಸಲ, ಎಂಟನೇ ಒಂದು ಸುತ್ತು. ಒಟ್ಟು ಎಂಟು ಸುತ್ತು, 4 ಮಿ.ಮೀ.

ಕೈಯಲ್ಲಿ ನೋಡಿದರೆ 4 ಮಿ.ಮೀ. ಏನೂ ಅಲ್ಲ. ಹನ್ನೆರಡರಿಂದ ಗುಣಿಸಿದಾಗ 48 ಮಿ.ಮೀ. ಒಳಗಿನಿಂದ ನಾಲ್ಕು ಬೆರಳು ಹೊರಗೆ ಚಾಚಿ ಬಾಗಿಲ ಅಂಚು ಹಿಡಿಯುವಷ್ಟು ಸಂದು. ಲೆಕ್ಕ ಹಾಕುತ್ತಾ ಕೂತಿದ್ದಾಗ ನನಗೇ ಒಂದು ಕ್ಷಣ ಜುಂ ಅಂದಿತು.

9ನೇ ವಾರ

ಅಪರ್ಚರ್ ರಿಂಗ್ ಇರುವ ಹಳೆಯ ಮ್ಯಾನುಯಲ್ ಲೆನ್ಸ್ ಸಿಕ್ಕಿತು. ಒಂದು ಸಲ ಎಫ್/16ಕ್ಕೆ, ಅಂದರೆ ತುಂಬ ಚಿಕ್ಕ ಕಿಂಡಿಗೆ, ಇಟ್ಟರೆ ಅಲ್ಲೇ ಇರುತ್ತದೆ. ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಕ್ಸ್‌ಪೋಷರ್ (ಒಂದು ಫೋಟೋಗೆ ಬೆಳಕು ಬಿಡುವ ಹೊತ್ತು) 4 ಸೆಕೆಂಡ್. ಮಿನಿಯೇಚರಿನಲ್ಲಿ ಹತ್ತಿರದ್ದೂ ದೂರದ್ದೂ ಎರಡೂ ಸ್ಪಷ್ಟವಾಗಿ ಕಾಣದಿದ್ದರೆ ಗೊಂಬೆ ಅಂತ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಎಫ್/16. ನಾನು ರಾಡ್, ಗೆಳೆಯ ತಿರುಪು. ಮಧ್ಯರಾತ್ರಿ ಕಳೆದ ಮೇಲೆ ಇಬ್ಬರೂ ಮಾತು ಬಿಟ್ಟು ಬರೀ ನಂಬರ್ ಹೇಳುತ್ತಿದ್ದೆವು. 1,100ರ ಹತ್ತಿರ ನನ್ನ ತೋಳು ಛಾವಣಿಯ ತುಂಡಿಗೆ ತಾಗಿತು. ಹಿಂದಿನ ಫ್ರೇಮನ್ನು ಪರದೆ ಮೇಲೆ ಇಟ್ಟುಕೊಂಡು ಸರಿಹೊಂದಿಸುವುದಕ್ಕೆ 20 ನಿಮಿಷ ಹಿಡಿಯಿತು. ಈಗ ಎಷ್ಟು ಹುಡುಕಿದರೂ ಆ ಜಾಗ ಕಾಣುವುದಿಲ್ಲ.

ಮಿಣುಕು ಇಲ್ಲ. ದೀಪಗಳು ಉರಿಯುತ್ತಲೇ ಇವೆ. ಕಾರ್ಪೆಟ್ ಉದ್ದಕ್ಕೂ ಬಾಚಿದ ಹಾಗೆ ಮಲಗಿದೆ.

ಮರುದಿನ ಅಕ್ಕನಿಗೆ ಮೊದಲ ಐದು ನಿಮಿಷವನ್ನೂ ಸೇರಿಸಿ ತೋರಿಸಿದೆ. ಏನನ್ನೂ ಹೇಳಿರಲಿಲ್ಲ. ಶಾಟ್ ಅರ್ಧ ಆಗುವ ಹೊತ್ತಿಗೆ ಅವಳು ಕಾಲು ಮೇಲೆ ಎಳೆದುಕೊಂಡು ಕೂತಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಮೂರನೇ ಬಾಗಿಲು ಮೊದಲಿಂದಲೂ ಹಾಗೇ ತೆರೆದಿತ್ತಲ್ವಾ?"

"ಕ್ಲರ್ಕ್ ಎರಡು ಸಲ ಹಿಡಿ ತಿರುಗಿಸಿ ನೋಡಿದ್ನಲ್ಲ ಅಕ್ಕಾ. ಬೀಗ ಹಾಕಿತ್ತು."

"ಹೌದು, ನೋಡಿದ. ಆದರೆ ತೆರೆದೇ ಇತ್ತು. ನಾನೇ ನೋಡಿದ್ದೀನಿ."

ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವಳು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಬಾಗಿಲಿನ ಆ ಕಪ್ಪು ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಇದನ್ನು ನಾನು ಎಣಿಸಿರಲಿಲ್ಲ. ಬಾಗಿಲು ತೆರೆದದ್ದು ಕಾಣಲಿಕ್ಕಿಲ್ಲ ಅಂತ ಗೊತ್ತಿತ್ತು. ಆದರೆ ಅದು ಮೊದಲಿಂದಲೂ ತೆರೆದೇ ಇತ್ತು ಅಂತ ನೋಡುವವರೇ ಒಪ್ಪಿಕೊಂಡುಬಿಡುತ್ತಾರೆ ಅನ್ನುವುದು ಹೊಳೆದಿರಲಿಲ್ಲ. ನಾವು ಬರೆದಿದ್ದ ಕೊನೆಯಲ್ಲಿ ಕ್ಲರ್ಕ್ ಬಾಗಿಲು ನೋಡಿ ಬೆಚ್ಚಿ ಓಡಿ ಬರುತ್ತಾನೆ. ಅದನ್ನು ಅವತ್ತೇ ತೆಗೆದು ಹಾಕಿದೆವು. ಈಗ ಅವನು ಮೂರನೇ ರೌಂಡ್ಸಿಗೆ ಬರುತ್ತಾನೆ, ತೆರೆದ ಬಾಗಿಲ ಮುಂದೆ ಒಂದು ಕ್ಷಣವೂ ನಿಲ್ಲದೆ ಹಾದು ಹೋಗುತ್ತಾನೆ, ಕೆಳಗೆ ಬಂದು ರಿಜಿಸ್ಟರ್ ತೆರೆಯುತ್ತಾನೆ. 3ರ ಮುಂದೆ ಅಡ್ಡಗೆರೆ ಇದ್ದ ಜಾಗದಲ್ಲಿ ಒಂದು ಹೆಸರು ಇದೆ. ಅವನದೇ ಕೈಬರಹ. ಅವನಿಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ.

ಬರುವ ವಾರ ರಿಜಿಸ್ಟರ್ ಶಾಟ್ ತೆಗೆಯಬೇಕು. ಗೆಳೆಯ ಆ ಹೆಸರನ್ನು ಒಂದೇ ರೀತಿ ಬರೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾನೆ, ಈಗ ಎರಡನೇ ನೋಟ್‌ಬುಕ್ಕಿನಲ್ಲಿದ್ದಾನೆ. ಕಾರಿಡಾರನ್ನು ಬಿಚ್ಚಿಲ್ಲ. ತಿರುಪು ಎಂಟನೇ ಸುತ್ತಿನಲ್ಲೇ ಇದೆ.